ಎಂಟಾ, ಹತ್ತಾ? ಕಾಡಿಗೂ ಬಯಲಿಗೂ ಬೈನಾಕ್ಯುಲರ್ ಆರಿಸುವ ಲೆಕ್ಕ

"ಮಲೆನಾಡಿಗೂ ಆಗಬೇಕು, ಕೆರೆ ಏರಿಗೂ ಆಗಬೇಕು. 8×42 ತಗೊಳ್ಳಲಾ, 10×42 ತಗೊಳ್ಳಲಾ?" ಹಕ್ಕಿ ನೋಡುವ ಹುಚ್ಚು ಹೊಸದಾಗಿ ಹಿಡಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಇದಕ್ಕೊಂದು ಬಾಲವೂ ಇರುತ್ತದೆ: "ಆನ್‌ಲೈನಲ್ಲಿ 20×50 ಅಂತ ಎರಡು ಸಾವಿರಕ್ಕೇ ಸಿಗ್ತಿದೆಯಲ್ಲ, ಅದು ಯಾಕಾಗಲ್ಲ?"

ಬಾಲಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಮೊದಲ ಬೈನಾಕ್ಯುಲರ್ ಅಂಥದ್ದೇ. ಮೈಮೇಲೆ ದೊಡ್ಡ ಅಂಕಿ, ಮುಂದೆ ಕೆಂಪಗೆ ಹೊಳೆಯುವ ಗಾಜು. ಅದನ್ನು ಕೊರಳಿಗೆ ಹಾಕಿಕೊಂಡು ಆಗುಂಬೆಗೆ ಹೋದೆ. ಎತ್ತರದ ಮರದಲ್ಲಿ ಮಂಗಟ್ಟೆ ಹಕ್ಕಿ ಕೂತಿದೆ ಎಂದು ಜತೆಯವರೆಲ್ಲ ಬೆರಳು ತೋರಿಸುತ್ತಿದ್ದರು. ನನಗೆ ಕಂಡದ್ದು ಮಸುಕು ಮಸುಕಾಗಿ ಕುಣಿಯುವ ಎಲೆಗಳು. ಯಾವ ಮರ, ಯಾವ ಕೊಂಬೆ ಅಂತ ಗೊತ್ತಾಗುವಷ್ಟರಲ್ಲಿ ತಲೆಯ ಮೇಲೆ ರೆಕ್ಕೆ ಬಡಿತದ ಜೋರು ಸದ್ದು ಕೇಳಿಸಿತು. ಅಷ್ಟು ದೊಡ್ಡ ಹಕ್ಕಿಯನ್ನು ನಾನು ಅವತ್ತು ಕಿವಿಯಲ್ಲಿ ಮಾತ್ರ ನೋಡಿದ್ದು!

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಅಮೆರಿಕದ ಬೇಟೆಗಾರರು ಬರೆದದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತೇ ಇಲ್ಲ. ಆದರೂ ಅವರ ತಲೆನೋವು ನಮ್ಮದೇ ತಲೆನೋವು. ಒತ್ತಾದ ಮರಗಳ ನಡುವೆ ಜಿಂಕೆಯ ಕಿವಿ ಹುಡುಕಲು ಅವರಿಗೆ ಒಂದು ಬಗೆಯದು ಬೇಕು, ಕಣಿವೆಯಾಚೆಯ ಇಳಿಜಾರಿನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆ ಹುಡುಕಲು ಇನ್ನೊಂದು ಬಗೆಯದು. ನಮಗೆ ಒಂದು ಕಡೆ ಆಗುಂಬೆಯ ಕಾಡು, ಇನ್ನೊಂದು ಕಡೆ ಗದಗ ಜಿಲ್ಲೆಯ ಮಾಗಡಿ ಕೆರೆ. ಕೈಯಲ್ಲಿರುವುದು ಒಂದೇ ಬೈನಾಕ್ಯುಲರಿನ ದುಡ್ಡು.

ಆ ಎರಡು ಅಂಕಿ

8×42 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿ.ಮೀ. ಇಷ್ಟೇ. 300 ಮೀಟರ್ ದೂರದ ಕೃಷ್ಣಮೃಗ ಎಂಟರಲ್ಲಿ ಮೂವತ್ತೇಳೂವರೆ ಮೀಟರಿನಲ್ಲಿ ನಿಂತಂತೆ ಕಾಣುತ್ತದೆ, ಹತ್ತರಲ್ಲಿ ಮೂವತ್ತು ಮೀಟರಿನಲ್ಲಿ. ನಡುವಿನ ವ್ಯತ್ಯಾಸ ಏಳೂವರೆ ಮೀಟರ್. ಕಾಡಿನಲ್ಲಿ 40 ಮೀಟರ್ ಆಚೆಯ ಕಾಜಾಣ ಒಂದರಲ್ಲಿ ಐದು ಮೀಟರ್, ಇನ್ನೊಂದರಲ್ಲಿ ನಾಲ್ಕು ಮೀಟರ್. ಆ ಒಂದು ಮೀಟರಿಗಾಗಿ ಏನೇನು ಬಿಟ್ಟುಕೊಡುತ್ತೀರಿ ಅನ್ನುವುದೇ ಈ ಇಡೀ ಬರಹದ ವಿಷಯ.

ಬಿಟ್ಟುಕೊಡುವುದರಲ್ಲಿ ಮೊದಲನೆಯದು ನೋಟದ ಅಗಲ. ಒಂದು ಕಿಲೋಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲದ ಜಾಗ ಒಮ್ಮೆಗೇ ಕಾಣುತ್ತದೆ ಅನ್ನುವುದನ್ನು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ, ಇಲ್ಲವೇ ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ. ಒಂದು ಡಿಗ್ರಿಗೆ ಸುಮಾರು ಹದಿನೇಳೂವರೆ ಮೀಟರ್ ಅಂತ ಲೆಕ್ಕ ಹಾಕಿಕೊಳ್ಳಿ.

ಎರಡನೆಯದು ಬೆಳಕು. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿನ ಕಡೆಯಿಂದ ಹೊರಬರುವ ಬೆಳಕಿನ ಬಿಲ್ಲೆ ಅಷ್ಟು ಮಿ.ಮೀ. ಅಗಲ ಇರುತ್ತದೆ. 10×42ರಲ್ಲಿ ಅದು 4.2, ಜೇಬಿಗೆ ಹಿಡಿಸುವ 10×25ರಲ್ಲಿ ಬರೀ 2.5. ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ.ಗೆ ಮುದುಡಿಕೊಂಡಿರುತ್ತದೆ, ಹಾಗಾಗಿ ಯಾವುದಾದರೂ ನಡೆಯುತ್ತದೆ. ಕತ್ತಲಾದಂತೆ ಪಾಪೆ ಅಗಲವಾಗುತ್ತದೆ. ಎಳೆಯರಲ್ಲಿ ಏಳು ಮಿ.ಮೀ. ತನಕ ಹೋಗುತ್ತದೆ. ವಯಸ್ಸಾದಂತೆ ಅಷ್ಟು ಅರಳುವುದಿಲ್ಲ, ಐವತ್ತು ದಾಟಿದ ಹೆಚ್ಚಿನವರಲ್ಲಿ ಐದರ ಆಸುಪಾಸಿಗೆ ನಿಲ್ಲುತ್ತದೆ. ಆದ್ದರಿಂದ 7×50 ಕೊಡುವ ಏಳು ಮಿ.ಮೀ. ಬೆಳಕು ನನ್ನಂಥ ಅರವತ್ತರ ಹತ್ತಿರದವನಿಗೆ ಸುಮ್ನೆ ಹೊರೆ.

ಮೂರನೆಯದು ಕೈನಡುಕ. ಬೈನಾಕ್ಯುಲರ್ ಹಕ್ಕಿಯನ್ನು ಹಿಗ್ಗಿಸುವಂತೆ ನಿಮ್ಮ ಕೈನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಕುಮಾರಪರ್ವತ ಹತ್ತಿ ಏದುಸಿರು ಬಿಡುತ್ತಾ ಹತ್ತು ಪಟ್ಟಿನದನ್ನು ಕಣ್ಣಿಗೆ ಹಿಡಿದು ನೋಡಿ, ಎದೆಬಡಿತ ಎಣಿಸಬಹುದು.

ಇವುಗಳ ಜತೆಗೆ ನಮ್ಮ ಊರಿನದೇ ಆದ ಎರಡು ಸಂಗತಿ ಇವೆ. ಮಳೆ ಮತ್ತು ಚಷ್ಮಾ. ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಬಿಗಿಯಾಗಿ ಮುಚ್ಚಿದ್ದರೆ ಮಳೆ ಒಳಗಿಳಿಯುವುದಿಲ್ಲ, ಒಳಗಿನ ಗಾಜಿಗೆ ಮಂಜೂ ಕಟ್ಟುವುದಿಲ್ಲ. ಚಷ್ಮಾ ಹಾಕುವವರು ಐ ರಿಲೀಫ್ ಅನ್ನುವ ಅಂಕಿ ನೋಡಲೇಬೇಕು. ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ನೋಟ ಸಿಗುತ್ತದೆ ಅನ್ನುವ ಅಳತೆ ಅದು. 16 ಮಿ.ಮೀ.ಗಿಂತ ಕಡಿಮೆ ಇದ್ದರೆ ಚಷ್ಮಾದವರಿಗೆ ಕೊಳವೆಯೊಳಗಿಂದ ಇಣುಕಿದಂತೆ ಆಗುತ್ತದೆ.

ಕಾಡಿನಲ್ಲಿ ಹುಡುಕುವುದೇ ಕಷ್ಟ

ಆಗುಂಬೆ, ಕುದುರೆಮುಖ, ಗಣೇಶಗುಡಿಯಂಥ ಕಡೆ ಹಕ್ಕಿ ದೂರ ಇರುವುದಿಲ್ಲ. ಹತ್ತರಿಂದ ಐವತ್ತು ಮೀಟರ್ ಒಳಗೇ ಇರುತ್ತದೆ. ಕಷ್ಟ ಏನಂದ್ರೆ ಅದು ಎಲೆಯ ಹಿಂದೆ ಇರುತ್ತದೆ, ಮತ್ತು ನಿಲ್ಲುವುದಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ ಒಂದು ಮಿಶ್ರ ಗುಂಪು ಬಂತು ಅಂದುಕೊಳ್ಳಿ. ಮೇಲೆ ಕೆಂಪು ಕಿತ್ತಳೆ ಚಿತ್ರಪಕ್ಷಿಗಳು, ನಡುವೆ ಭೀಮರಾಜ, ಕೆಳಗೆ ಪೊದೆಯಲ್ಲಿ ಹರಟೆಮಲ್ಲಗಳು. ಎರಡು ನಿಮಿಷದಲ್ಲಿ ಎಲ್ಲ ದಾಟಿ ಹೋಗಿರುತ್ತವೆ. ಆಗ ಬೇಕಾದದ್ದು ಅಗಲವಾದ ನೋಟ. ಕಿಲೋಮೀಟರಿಗೆ 145 ಮೀಟರ್ ತೋರಿಸುವ ಬೈನಾಕ್ಯುಲರ್ 30 ಮೀಟರ್ ದೂರದಲ್ಲಿ ನಾಲ್ಕು ಮೀಟರಿಗಿಂತ ಅಗಲದ ಜಾಗ ತೋರಿಸುತ್ತದೆ. 98 ಮೀಟರಿನದು ಮೂರು ಮೀಟರನ್ನೂ ಮುಟ್ಟುವುದಿಲ್ಲ. ಮೇಲೂ ಕೆಳಗೂ ಅಷ್ಟೇ ಕಡಿಮೆ. ಹಕ್ಕಿ ಕೂತ ಕೊಂಬೆ ಚೌಕಟ್ಟಿನೊಳಗೆ ಬಂತೋ ಇಲ್ಲವೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ.

ಕಾಡಿನ ನೆರಳಿನಲ್ಲಿ ಹನ್ನೊಂದು ಗಂಟೆಗೂ ಮುಸ್ಸಂಜೆಯ ಬೆಳಕೇ. ಹತ್ತಿರದ ಫೋಕಸ್ಸೂ ಇಲ್ಲಿ ಮುಖ್ಯ. ಕಾಲುದಾರಿಯ ಪಕ್ಕ ಮೂರು ಮೀಟರಿನಲ್ಲಿ ರಾಜಹಕ್ಕಿ ಬಂದು ಕೂತಾಗ, ಐದು ಮೀಟರಿಗಿಂತ ಹತ್ತಿರ ಫೋಕಸ್ ಆಗದ ಬೈನಾಕ್ಯುಲರ್ ಹಿಡಿದವರು ಹಿಂದೆ ಹಿಂದೆ ನಡೆಯುವುದನ್ನು ನೋಡಬೇಕು. ಚಿಟ್ಟೆ ನೋಡುವವರಿಗಂತೂ ಎರಡು ಮೀಟರ್ ಬೇಕೇಬೇಕು.

ಬಯಲಿನಲ್ಲಿ ಗುರುತಿಸುವುದು ಕಷ್ಟ

ಮಾಗಡಿ ಕೆರೆಯಲ್ಲಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹುಡುಕುವ ಕೆಲಸವೇ ಇಲ್ಲ. ನೀರಿನ ಮೇಲೆ ಬೂದು ಬಣ್ಣದ ಚಾಪೆ ಹಾಸಿದಂತೆ ಕೂತಿರುತ್ತವೆ. ಕಷ್ಟ ಬರುವುದು ಆಚೆ ದಡದ ಕೆಸರಿನಲ್ಲಿ ಓಡಾಡುವ ಸಣ್ಣ ಗೊರವಗಳಲ್ಲಿ. ಕಾಲು ಹಳದಿಯೋ ಹಸಿರೋ, ಕೊಕ್ಕು ನೇರವೋ ತುಸು ಬಾಗಿದೆಯೋ ಅನ್ನುವುದರ ಮೇಲೆ ಹೆಸರು ನಿಂತಿರುತ್ತದೆ. ಅಲ್ಲಿ ಹತ್ತು ಪಟ್ಟಿನ ಬೆಲೆ ಗೊತ್ತಾಗುತ್ತದೆ. ಬೆಳಕು ಬೇಕಾದಷ್ಟಿರುತ್ತದೆ, ಆದ್ದರಿಂದ 4.2ರ ಬಿಲ್ಲೆ ಸಾಕು. ಏರಿಯ ಮೇಲೆ ಕೂತು ಮೊಣಕೈಯನ್ನು ಮಂಡಿಗೆ ಊರಿದರೆ ಕೈನಡುಕವೂ ಅರ್ಧ ಇಳಿಯುತ್ತದೆ.

ರಾಣೆಬೆನ್ನೂರಿನ ಕೃಷ್ಣಮೃಗದ ಬಯಲು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ದರೋಜಿಯ ಕರಡಿಧಾಮ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಮಧ್ಯಾಹ್ನದ ಮೇಲೆ ಬಂಡೆಗಳಿಗೆ ಹಚ್ಚಿಟ್ಟ ಸಿಹಿ ನೆಕ್ಕಲು ಕರಡಿಗಳು ಇಳಿದು ಬರುತ್ತವೆ. ನೀವು ನೋಡುವುದು ದೂರದ ವೀಕ್ಷಣಾ ಗೋಪುರದಿಂದ. ಬರಿಗಣ್ಣಿಗೆ ಕಪ್ಪು ಚುಕ್ಕೆ. ಗೋಪುರದ ಕಟಕಟೆಗೆ ಕೈ ಊರಿ ಹತ್ತು ಪಟ್ಟಿನದರಲ್ಲಿ ನೋಡಿದರೆ ತಾಯಿಯ ಬೆನ್ನಿನ ಮೇಲೆ ಮರಿ ಇದೆಯೋ ಇಲ್ಲವೋ ಹೇಳಬಹುದು.

ಬಯಲಿನಲ್ಲೂ ಹತ್ತಕ್ಕೆ ಒಂದು ಮಿತಿ ಇದೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತಾದರೆ ನೆಲದಿಂದ ಬಿಸಿಗಾಳಿ ಏಳುತ್ತದೆ, ದೂರದ ಚಿತ್ರ ನೀರಿನೊಳಗಿದ್ದಂತೆ ಅಲುಗಾಡುತ್ತದೆ. ಆಮೇಲೆ ಹನ್ನೆರಡು ಪಟ್ಟು ಇದ್ದರೂ ಅಷ್ಟೇ, ಇಪ್ಪತ್ತು ಇದ್ದರೂ ಅಷ್ಟೇ.

ಈಗ ಒಂದೊಂದಾಗಿ

8×42ರಿಂದ ಶುರು ಮಾಡೋಣ. ನನ್ನ ಮಟ್ಟಿಗೆ, ಒಂದೇ ಒಂದು ಬೈನಾಕ್ಯುಲರ್ ಇಟ್ಟುಕೊಳ್ಳುವ ಕನ್ನಡನಾಡಿನ ಹಕ್ಕಿಪ್ರೇಮಿಗೆ ಇದೇ. ಕಾಡಿನಲ್ಲಿ ಇದರ ಹತ್ತಿರ ಬೇರೆ ಯಾವುದೂ ಸುಳಿಯುವುದಿಲ್ಲ. ಕಬಿನಿ, ನಾಗರಹೊಳೆಯ ಸಫಾರಿ ಜೀಪಿನಲ್ಲಿ, ಎಂಜಿನ್ ಗುರ್ ಅನ್ನುತ್ತಿರುವಾಗಲೂ ಚಿತ್ರ ನಿಲ್ಲುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಬಣ್ಣದ ಕೊಕ್ಕರೆಗಳು ಹೇಗೂ ಹತ್ತಿರವೇ ಇರುತ್ತವೆ. ಕೆರೆಯಲ್ಲಿ ಮಾತ್ರ ಆಗೀಗ "ಅಯ್ಯೋ, ಇನ್ನೊಂದು ಚೂರು ಹತ್ತಿರ ಇದ್ದಿದ್ರೆ" ಅನಿಸುತ್ತದೆ. ಅನಿಸಲಿ ಬಿಡಿ.

10×42 ಯಾರಿಗೆ? ಧಾರವಾಡ, ಗದಗ, ಬಳ್ಳಾರಿ, ಕೋಲಾರದ ಕಡೆಯವರಿಗೆ. ವಾರ ವಾರ ಕೆರೆಗೆ ಹೋಗಿ, ವರ್ಷಕ್ಕೊಮ್ಮೆ ಮಲೆನಾಡಿಗೆ ಬರುವವರಿಗೆ. ಹದ್ದು ಗಿಡುಗಗಳ ಮೇಲೆ ಜೀವ ಇಟ್ಟುಕೊಂಡವರಿಗೆ. ಕೈ ಗಟ್ಟಿ ಇರಬೇಕು. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿ. ಐದನೇ ನಿಮಿಷಕ್ಕೆ ಚಿತ್ರ ನಡುಗಲು ಶುರುವಾದರೆ ಅದು ನಿಮ್ಮದಲ್ಲ.

ಆದರೆ ಬರೀ ಎಂಟು, ಹತ್ತು ಅಂತ ನೋಡಿ ಕೊಂಡರೆ ಮೋಸ ಹೋಗುತ್ತೀರಿ. ನಿಕಾನ್ ಒಂದನ್ನೇ ತೆಗೆದುಕೊಳ್ಳಿ. ಮೊನಾರ್ಕ್ ಎಂ5 8×42ರ ನೋಟ 6.4 ಡಿಗ್ರಿ, ಅಂದರೆ 112 ಮೀಟರ್. ಅದರ ಅಣ್ಣ ಎಂ7 10×42ರದ್ದು 6.9 ಡಿಗ್ರಿ, 121 ಮೀಟರ್. ಅಂದರೆ ಆ ಹತ್ತು ಈ ಎಂಟಕ್ಕಿಂತ ಅಗಲ! ಎಂ7 8×42 ಆದರೆ 8.3 ಡಿಗ್ರಿ, 145 ಮೀಟರ್. ಕಾಡಿಗೆ ಎಂಟು ಅಂತ ಕಣ್ಣುಮುಚ್ಚಿ ಎಂ5 ತಂದರೆ ಎಂಟರ ದೊಡ್ಡ ಲಾಭವನ್ನೇ ಬಿಟ್ಟು ಬಂದಂತೆ. ಎಂ5 ಕೆಟ್ಟದ್ದು ಅಂತಲ್ಲ. ಅದರ ಐ ರಿಲೀಫ್ 19.5 ಮಿ.ಮೀ., ದಪ್ಪ ಚಷ್ಮಾದವರಿಗೆ ಹೇಳಿ ಮಾಡಿಸಿದಂತಿದೆ. ಒಂದನ್ನು ಕೊಟ್ಟು ಇನ್ನೊಂದನ್ನು ತಗೊಳ್ಳುವ ವ್ಯಾಪಾರ ಇದು.

8×30, 8×32 ಹಗುರ. ನಡಿಗೆ ಜಾಸ್ತಿ ಇರುವವರು, ಕತ್ತು ನೋವಿನವರು, ಹತ್ತು ಹನ್ನೆರಡು ವರ್ಷದ ಮಕ್ಕಳು, ಇವರಿಗೆಲ್ಲ ಒಳ್ಳೆಯದು. ನೋಟದ ಅಗಲದಲ್ಲಿ ದೊಡ್ಡಣ್ಣನಿಗೆ ಸಮ. ಸೋಲುವುದು ಬೆಳಗಿನ ಆರು ಗಂಟೆಗೆ ಮತ್ತು ಸಂಜೆ ಆರರ ಮೇಲೆ. ಜೇಬಿನ 8×25, 10×25 ಪ್ರವಾಸಕ್ಕೆ ಸರಿ, ಕಾಡಿಗೆ ಬೇಡ.

10×50, 12×50 ಭಾರ. ಮನೆಯ ತಾರಸಿಯಿಂದ ರಾತ್ರಿ ಚಂದ್ರನನ್ನೂ ಕೃತ್ತಿಕೆಯನ್ನೂ ನೋಡುವ ಆಸೆ ಇದ್ದರೆ 10×50 ಚೆನ್ನಾಗಿದೆ. ಹನ್ನೆರಡಕ್ಕೆ ಟ್ರೈಪಾಡ್ ಬೇಕು. ಟ್ರೈಪಾಡ್ ಹೊರುವುದೇ ಆದರೆ ಕೆರೆಗೆ ಒಂಟಿ ಕೊಳವೆಯ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪೇ ಮೇಲು. ಇಪ್ಪತ್ತರಿಂದ ಅರವತ್ತು ಪಟ್ಟು ಸಿಗುತ್ತದೆ. ನಾಲ್ಕು ಜನ ಸೇರಿ ಒಂದು ಕೊಂಡು, ಎಲ್ಲರೂ 8×42 ಇಟ್ಟುಕೊಂಡರೆ ಎಂಟಾ ಹತ್ತಾ ಅನ್ನುವ ಜಗಳವೇ ಮುಗಿಯಿತು. ನಮ್ಮ ಗುಂಪು ಮಾಡಿದ್ದು ಅದನ್ನೇ. ಈಗ ಜಗಳ ಇರುವುದು ಸ್ಕೋಪನ್ನು ಯಾರು ಹೊರಬೇಕು ಅಂತ.

ಇನ್ನೊಂದು ಬೇರೆಯೇ ಜಾತಿ ಇದೆ, ಬ್ಯಾಟರಿ ಹಾಕಿ ನಡುಕ ನಿಲ್ಲಿಸುವಂಥದ್ದು. ಕ್ಯಾನನ್‌ನ 10×30 ಐಎಸ್ 2 ಇದರಲ್ಲಿ ಹೆಚ್ಚು ಹೆಸರು ಮಾಡಿದ್ದು. ಗುಂಡಿ ಒತ್ತಿದ ತಕ್ಷಣ ಚಿತ್ರ ಗಕ್ಕನೆ ನಿಲ್ಲುತ್ತದೆ. ದೋಣಿಯಲ್ಲಿ, ಜೀಪಿನಲ್ಲಿ, ಕೈನಡುಕ ಇರುವ ಹಿರಿಯರಿಗೆ ಇದೊಂದು ವರ. ಆದರೆ ಮುಂದಿನ ಗಾಜು 30 ಮಿ.ಮೀ., ಬಿಲ್ಲೆ 3 ಮಿ.ಮೀ., ಜತೆಗೆ ವಾಟರ್‌ಪ್ರೂಫ್ ಅಲ್ಲ. ಬಯಲುಸೀಮೆಗೆ ಹೌದು, ಜುಲೈ ತಿಂಗಳ ಆಗುಂಬೆಗೆ ಅಲ್ಲ.

ಜೂಮ್ ಬೈನಾಕ್ಯುಲರ್ ಅಂತೂ ಬೇಡವೇ ಬೇಡ. ಕಡಿಮೆ ಪಟ್ಟಿನಲ್ಲಿ ನೋಟ ಇಕ್ಕಟ್ಟು, ಜಾಸ್ತಿ ಪಟ್ಟಿನಲ್ಲಿ ಕತ್ತಲು. ಎರಡು ಕೊಳವೆ ಒಂದಕ್ಕೊಂದು ಹೊಂದಿಕೊಂಡಿರುವುದೂ ಕಷ್ಟ.

ದುಡ್ಡಿನ ಮಾತು

ಹತ್ತು ಸಾವಿರದ ಆಸುಪಾಸಿನಲ್ಲಿ ಹಳೇ ಕಾಲದ ಆಕಾರದ, ಅಂದರೆ ಮುಂದೆ ಅಗಲ, ಹಿಂದೆ ಕಿರಿದಾಗಿರುವ ಪೋರೋ ಬೈನಾಕ್ಯುಲರನ್ನೇ ತಗೊಳ್ಳಿ. ನೇರ ಕೊಳವೆಯ ರೂಫ್ ಪ್ರಿಸಂ ಬಗೆಯದು (ಪ್ರಿಸಂ ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು) ನೋಡಲು ಚೆಂದ. ಆದರೆ ಅದರೊಳಗೆ ಬೆಳಕಿನ ಅಲೆ ಹೊಂದಿಸಲು ಫೇಸ್ ಕೋಟಿಂಗ್ ಅನ್ನುವ ಲೇಪ ಬೇಕು, ಜತೆಗೆ ಪ್ರಿಸಂನ ಒಂದು ಮುಖಕ್ಕೆ ಕನ್ನಡಿಯ ಲೇಪವೂ ಬೇಕು. ಫೇಸ್ ಕೋಟಿಂಗ್ ಮಾರುಕಟ್ಟೆಗೆ ತಂದದ್ದು 1988ರಲ್ಲಿ ಝೈಸ್ ಕಂಪನಿ. ಪೋರೋಗೆ ಇವೆರಡರ ಹಂಗಿಲ್ಲ, ಹಾಗಾಗಿ ಅದೇ ದುಡ್ಡಿಗೆ ಚಿತ್ರ ಸ್ಪಷ್ಟ. ನಿಕಾನ್ ಅಕ್ಯುಲಾನ್ ಎ211 8×42 ಈ ಬಗೆಯದು. 8 ಡಿಗ್ರಿಯ ಅಗಲ ನೋಟ. ಕೊರತೆಗಳೂ ಎದ್ದು ಕಾಣುವಂಥವೇ: 755 ಗ್ರಾಂ ತೂಕ, ವಾಟರ್‌ಪ್ರೂಫ್ ಅಲ್ಲ, ಐದು ಮೀಟರಿಗಿಂತ ಹತ್ತಿರ ಫೋಕಸ್ ಇಲ್ಲ, ಐ ರಿಲೀಫ್ 12 ಮಿ.ಮೀ. ಚಷ್ಮಾ ಇಲ್ಲದ, ಮಳೆಗಾಲದಲ್ಲಿ ಮನೆಯಲ್ಲಿರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಹದಿನೈದು ಇಪ್ಪತ್ತು ಸಾವಿರ ಅಂದರೆ ವಾಟರ್‌ಪ್ರೂಫ್ ರೂಫ್ ಪ್ರಿಸಂ ಸಿಗುತ್ತದೆ. ನಿಕಾನ್‌ನದೇ ಪ್ರೊಸ್ಟಾಫ್ ಪಿ3 8×42 ನೋಡಿ, 7.2 ಡಿಗ್ರಿ, ತೂಕ 565 ಗ್ರಾಂ. ಮಲೆನಾಡಿನಲ್ಲೇ ಮನೆ ಇರುವವರು ಇಲ್ಲಿಂದ ಕೆಳಗೆ ಇಳಿಯಬೇಡಿ. ಮೂವತ್ತು ನಲವತ್ತು ಸಾವಿರದ ಆಚೆ ಇಡಿ (ED) ಗಾಜು, ಅಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು ಬರುತ್ತದೆ. ಬೆಳ್ಳಗಿನ ಆಕಾಶಕ್ಕೆ ಎದುರಾಗಿ ಕಪ್ಪು ಹಕ್ಕಿ ಕೂತಾಗ ಅಂಚಿನಲ್ಲಿ ನೇರಳೆ ಗೆರೆ ಕಾಣುವುದು ಕಡಿಮೆಯಾಗುತ್ತದೆ. ನಮ್ಮ ಕಾಡಿನಲ್ಲಿ ಅರ್ಧ ಹಕ್ಕಿ ನೋಡುವುದು ಹಾಗೆಯೇ ತಲೆ ಎತ್ತಿ, ಅಲ್ವಾ? ದುಡ್ಡಿಗೆ ತಕ್ಕ ಫಲ ಈ ಮೆಟ್ಟಿಲಿನ ತನಕ ಚೆನ್ನಾಗಿ ಸಿಗುತ್ತದೆ.

ಆಮೇಲಿನದ್ದು ಸ್ವರೋವ್‌ಸ್ಕಿ, ಝೈಸ್, ಲೈಕಾಗಳ ಲೋಕ. ಸ್ವರೋವ್‌ಸ್ಕಿಯ ಎನ್‌ಎಲ್ ಪ್ಯೂರ್ 8×42 ಕಿಲೋಮೀಟರಿಗೆ 159 ಮೀಟರ್ ತೋರಿಸುತ್ತದೆ, ಬೆಲೆ ಎರಡು ಲಕ್ಷ ದಾಟುತ್ತದೆ. ಒಮ್ಮೆ ಒಬ್ಬರು ಐದು ನಿಮಿಷ ಕೈಗೆ ಕೊಟ್ಟಿದ್ದರು. ಕೊಟ್ಟ ಮೇಲೆ ನನ್ನದರಲ್ಲಿ ನೋಡಲು ಎರಡು ದಿನ ಬೇಜಾರಾಗಿತ್ತು. ಕೊಳ್ಳುವ ಯೋಚನೆ ಇಲ್ಲದಿದ್ದರೆ ಅದನ್ನು ಕಣ್ಣಿಗೆ ಇಟ್ಟುಕೊಳ್ಳಬೇಡಿ.

ಅಂಗಡಿಯಲ್ಲಿ

ಒಂದು ಸ್ಕೇಲ್ ಪಟ್ಟಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬೈನಾಕ್ಯುಲರನ್ನು ಮುಖದಿಂದ ಒಂದಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಕಣ್ಣಿಡುವ ಗಾಜಿನಲ್ಲಿ ಬೆಳಕಿನ ಬಿಲ್ಲೆ ಕಾಣುತ್ತದೆ. 8×42 ಆದರೆ ಅದು ಐದು ಮಿ.ಮೀ.ಗಿಂತ ತುಸು ದೊಡ್ಡದಿರಬೇಕು. ನಾನು ಮನೆಗೆ ಬಂದ ಮೇಲೆ ನನ್ನ ಕೆಂಪು ಗಾಜಿನ ಬೈನಾಕ್ಯುಲರಿಗೆ ಇದೇ ಪರೀಕ್ಷೆ ಮಾಡಿದೆ. ಎರಡು ಮಿ.ಮೀ. ಕೂಡ ಇರಲಿಲ್ಲ. ಮುಂದೆ ದೊಡ್ಡ ಗಾಜು, ಒಳಗೆ ಸಣ್ಣ ತೂತು. ಬಿಲ್ಲೆ ದುಂಡಗಿರಲಿ. ಪೋರೋದಲ್ಲಿ ಅಂಚು ಬೂದು ಬೂದಾಗಿ ಚೌಕದಂತೆ ಕಂಡರೆ ಪ್ರಿಸಂ ಅಗ್ಗದ ಬಿಕೆ-7 ಗಾಜಿನದು, ಅದಕ್ಕಿಂತ ಒಳ್ಳೆಯ ಬಾಕ್-4 ಗಾಜಿನದಲ್ಲ ಅಂತ ಅರ್ಥ.

ಆಮೇಲೆ ಬಾಗಿಲಿಗೆ ಬಂದು ದೂರದ ಕರೆಂಟ್ ತಂತಿ ನೋಡಿ. ಎರಡು ತಂತಿಯಾಗಿ ಕಂಡರೆ, ಅಥವಾ ನೋಡುತ್ತಾ ಹಣೆ ನೋಯತೊಡಗಿದರೆ, ಕೊಳವೆಗಳು ಹೊಂದಿಲ್ಲ. ವಾಪಸ್ ಕೊಡಿ. ಆನ್‌ಲೈನಲ್ಲಿ ತರಿಸುವವರು ಬಂದ ದಿನವೇ ಇದನ್ನು ಮಾಡಿ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲು.

ಕೊಂಡ ಮೇಲೆ ಮೊದಲ ಕೆಲಸ ಕಣ್ಣಿಗೆ ಹೊಂದಿಸುವುದು. ಬಲ ಕೊಳವೆಗೆ ಮುಚ್ಚಳ ಹಾಕಿ, ಎಡಗಣ್ಣಿನಿಂದ ನಡುವಿನ ಚಕ್ರ ತಿರುಗಿಸಿ ಒಂದು ಬೋರ್ಡಿನ ಅಕ್ಷರವನ್ನು ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಕ್ಕೆ ಮುಚ್ಚಳ ಹಾಕಿ, ಚಕ್ರ ಮುಟ್ಟದೆ, ಬಲಗಣ್ಣಿನ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ನೋಡಿ. ಆ ಉಂಗುರವನ್ನು ಇನ್ನು ಮುಟ್ಟಬೇಡಿ. ಎಷ್ಟೋ ಜನ ಇದನ್ನು ಮಾಡದೆ ವರ್ಷಗಟ್ಟಲೆ ಬೈನಾಕ್ಯುಲರನ್ನೇ ಬೈದುಕೊಂಡಿರುತ್ತಾರೆ.

ಮಳೆಗಾಲಕ್ಕೆ ಇನ್ನೊಂದು ಖರ್ಚು ಸೇರಿಸಿಕೊಳ್ಳಿ: ಗಟ್ಟಿ ಮುಚ್ಚಳದ ಡಬ್ಬ ಮತ್ತು ಸಿಲಿಕಾ ಜೆಲ್. ಅಪ್ಪನ ಕಾಲದ ಒಂದು 8×30ನ್ನು ನಾನು ಚರ್ಮದ ಚೀಲದಲ್ಲೇ ಬಿಟ್ಟು ಒಂದು ಮಳೆಗಾಲ ಮರೆತಿದ್ದೆ. ದೀಪಾವಳಿಗೆ ತೆಗೆದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಈಗಿನದು ಡಬ್ಬದಲ್ಲೇ ಇರುತ್ತದೆ. ಸಿಲಿಕಾದ ನೀಲಿ ಮಣಿ ಗುಲಾಬಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡುತ್ತೇನೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ, ಆ ನೀಲಿ ಬಣ್ಣ ಹೊಟ್ಟೆಗೆ ಒಳ್ಳೆಯದಲ್ಲ.